ಗರ ಬಡಿದಂತೆ ಕೂತಾಗ

ಓದುಗರ ಪ್ರಶ್ನೆ, ಆಪ್ತಸಮಾಲೋಚಕರ ಉತ್ತರ

ಈ ಸಲದ ಪತ್ರಗಳಲ್ಲಿ ಹಲವು ಒಂದೇ ಅನುಭವದ ಸುತ್ತ ಇವೆ: ಮೈ ಇಲ್ಲೇ ಇರುತ್ತದೆ, ಮನಸ್ಸು ಎಲ್ಲೋ ಹೋಗಿಬಿಡುತ್ತದೆ. ಹಳೆಯ ಆಘಾತದಿಂದ ಹುಟ್ಟುವ ಈ ಸ್ಥಿತಿಗೆ ಮನೋವೈದ್ಯರು ಡಿಸೋಸಿಯೇಷನ್ ಅನ್ನುತ್ತಾರೆ. ನಮ್ಮ ಜನ ಬಹಳ ಹಿಂದೆಯೇ ಇದನ್ನು ಕಂಡು "ಗರ ಬಡಿದ ಹಾಗೆ ಕೂತಿದ್ದಾಳೆ" ಅಂದಿದ್ದಾರೆ. ಧ್ಯಾನ, ಪ್ರಾರ್ಥನೆ, ಮೈಮೇಲೆ ಬರುವುದು, ಹರಕೆ ಇವುಗಳ ಜೊತೆ ಅದು ಹೆಣೆದುಕೊಂಡಿರುವುದರಿಂದ ಪತ್ರಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನಗೆ 36 ವರ್ಷ. ಒಂದು ವರ್ಷದಿಂದ ಧ್ಯಾನದ ತರಗತಿಗೆ ಹೋಗುತ್ತಿದ್ದೇನೆ. ಕಣ್ಣು ಮುಚ್ಚಿ ಐದು ನಿಮಿಷ ಆಗುವುದರೊಳಗೆ ಕೈಕಾಲು ಇವೆ ಅಂತಲೇ ಅನ್ನಿಸುವುದಿಲ್ಲ. ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿರುವ ಹಾಗಿರುತ್ತದೆ. ನೋವಿಲ್ಲ, ಭಯವಿಲ್ಲ. "ದೇಹಭಾವ ಕಳಚುತ್ತಿದೆ, ಒಳ್ಳೆಯ ಲಕ್ಷಣ" ಎಂದು ಗುರುಗಳು ಹೇಳಿದರು. ಆದರೆ ಈಗ ಮನೆಯಲ್ಲೂ ಹೀಗಾಗುತ್ತಿದೆ. ಮೊನ್ನೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ, ಮಗಳು ಬಂದು ಅಲುಗಿಸುವವರೆಗೆ ನನಗೆ ಗೊತ್ತೇ ಆಗಲಿಲ್ಲ. ಅರ್ಧ ಗಂಟೆ ಕಳೆದಿತ್ತು. ಚಿಕ್ಕಂದಿನಲ್ಲಿ ಅಪ್ಪ ಕುಡಿದು ಬಂದು ಹೊಡೆಯುವಾಗಲೂ ನಾನು ಹೀಗೇ "ಹೋಗಿಬಿಡುತ್ತಿದ್ದೆ". ಇದು ಸಾಧನೆಯೋ, ಕಾಯಿಲೆಯೋ?
ಹೆಸರು ಬೇಡ, ದಾವಣಗೆರೆ

ಉತ್ತರ: ಚಿಕ್ಕಂದಿನಲ್ಲೂ ಹೋಗಿಬಿಡುತ್ತಿದ್ದೆ ಎಂದು ಬರೆದಿದ್ದೀರಲ್ಲ, ಆ ಮಾತೇ ನಮಗೆ ಮುಖ್ಯವಾಗಿ ಕಂಡಿತು. ಧ್ಯಾನದಲ್ಲಿ ಆಗುತ್ತಿರುವುದನ್ನು ನೀವು ತರಗತಿಯಲ್ಲಿ ಕಲಿಯಲಿಲ್ಲ. ಬಹಳ ಹಿಂದೆ, ಬದುಕಿಕೊಳ್ಳಲು ಕಲಿತಿದ್ದಿರಿ.

ಅಪಾಯ ಎದುರಾದಾಗ ದೇಹ ಓಡಲು ಇಲ್ಲವೇ ಎದುರು ನಿಲ್ಲಲು ಸಜ್ಜಾಗುತ್ತದೆ. ಹೊಡೆಯುವವರು ಹೆತ್ತವರೇ ಆದರೆ ಮಗು ಓಡಿ ಎಲ್ಲಿಗೆ ಹೋಗಬೇಕು? ಎರಡೂ ದಾರಿ ಮುಚ್ಚಿದಾಗ ಮೈ ಮರಗಟ್ಟುತ್ತದೆ. ನೋವು ತಗ್ಗಿಸುವ, ಅಫೀಮಿನ ಗುಣದ ರಾಸಾಯನಿಕಗಳನ್ನು ಮೆದುಳೇ ಒಸರಿಸುತ್ತದೆ. ಹಣೆಯ ಹಿಂದಿನ ಮೆದುಳಿನ ಭಾಗ ಭಯದ ಕೇಂದ್ರವನ್ನು ಅಗತ್ಯಕ್ಕಿಂತ ಹೆಚ್ಚು ಅದುಮಿ ಹಿಡಿಯುತ್ತದೆ. ನೋವಿಲ್ಲ, ಭಯವಿಲ್ಲ ಎಂದು ನೀವು ಬರೆದದ್ದರ ಹಿಂದೆ ಈ ಕೆಲಸ ನಡೆದಿದೆ. ಆ ಹೊತ್ತಿನಲ್ಲಿ ಅದು ನಿಮ್ಮನ್ನು ಕಾಪಾಡಿತು. ಕಷ್ಟ ಏನೆಂದರೆ, ಅಪಾಯ ಹೋದಮೇಲೂ ಆ ದಾರಿ ತೆರೆದೇ ಉಳಿಯುತ್ತದೆ, ಕರೆಯದೆಯೂ ತೆರೆದುಕೊಳ್ಳುತ್ತದೆ. ಮುಚ್ಚಿದ ಕಣ್ಣು, ಅಲುಗದ ಮೈ, "ಎಲ್ಲವನ್ನೂ ಬಿಟ್ಟುಬಿಡಿ" ಎನ್ನುವ ಗಡಸು ದನಿ. ಏಟು ತಿನ್ನುವ ಮಗುವಿನ ಸ್ಥಿತಿಗೂ ಇದಕ್ಕೂ ಹೊರನೋಟದಲ್ಲಿ ಅಷ್ಟೇನೂ ದೂರವಿಲ್ಲ. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇರುವವರಲ್ಲಿ ಸುಮಾರು 14% ಮಂದಿಯಲ್ಲಿ ಈ ದೂರವಾಗುವ ಲಕ್ಷಣ ಎದ್ದು ಕಾಣುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆ ಹೇಳಿದೆ. ನೀವು ಒಬ್ಬರೇ ಅಲ್ಲ.

ಸಾಧನೆಯೇ ಎಂದು ಕೇಳಿದಿರಿ. ನಾವು ಮೂರು ವಿಷಯ ನೋಡುತ್ತೇವೆ. ಬೇಕೆಂದಾಗ ಹಿಂದಿರುಗಲು ಬರುತ್ತದೆಯೇ? ಆ ಹೊತ್ತಿನ ನೆನಪು ಪೂರ್ತಿ ಇರುತ್ತದೆಯೇ? ಎದ್ದಮೇಲೆ ಮನೆಮಂದಿ ಹತ್ತಿರವಾಗುತ್ತಾರೆಯೇ, ಇಲ್ಲ ಗಾಜಿನ ಆಚೆ ಇದ್ದಂತೆ ಕಾಣುತ್ತಾರೆಯೇ? ಮನಸ್ಸು ನಿಂತ ಧ್ಯಾನದಿಂದ ಎದ್ದವರಿಗೆ ಹಾಲು ಉಕ್ಕುವ ಸದ್ದು ಇನ್ನೂ ಚೆನ್ನಾಗಿ ಕೇಳಬೇಕು. ನಿಮ್ಮ ವಿಷಯದಲ್ಲಿ ಮೂರಕ್ಕೂ ಉತ್ತರ ವಿರುದ್ಧವಾಗಿದೆ. ನಿಮ್ಮ ಗುರುಗಳು ಕೆಟ್ಟ ಉದ್ದೇಶದಿಂದ ಹೇಳಿರಲಾರರು. ಎದುರು ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಈಗ ಮಾಡಬೇಕಾದದ್ದು. ಕಣ್ಣು ಮುಚ್ಚಿ ಕೂರುವ ಧ್ಯಾನವನ್ನು ಸದ್ಯಕ್ಕೆ ನಿಲ್ಲಿಸಿ. ಭಕ್ತಿಯನ್ನು ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಕಣ್ಣು ಬಿಟ್ಟುಕೊಂಡು, ನಿಂತುಕೊಂಡು, ದನಿ ಎತ್ತಿ ಹಾಡಿ. ಹೆಜ್ಜೆ ಎಣಿಸುತ್ತಾ ಪ್ರದಕ್ಷಿಣೆ ಹಾಕಿ. ಹೂ ಕಟ್ಟಿ. ಕೈ ಮತ್ತು ಬಾಯಿಗೆ ಕೆಲಸವಿರುವ ಆರಾಧನೆ ನಿಮ್ಮನ್ನು ಇಲ್ಲೇ ಹಿಡಿದಿಡುತ್ತದೆ. ಒಬ್ಬರೇ ಇರುವಾಗ ಒಲೆ ಹಚ್ಚಿದರೆ ಮೊಬೈಲಿನಲ್ಲಿ ಐದೈದು ನಿಮಿಷಕ್ಕೆ ಗಂಟೆ ಹೊಡೆಯುವಂತೆ ಇಟ್ಟುಕೊಳ್ಳಿ. ಕೆಲವು ವಾರ ಸ್ಕೂಟರ್ ಬೇಡ.

ದೂರ ಸರಿಯುತ್ತಿದ್ದೇನೆ ಎನ್ನಿಸಿದ ಕೂಡಲೇ, ಪೂರ್ತಿ ಹೋಗುವ ಮೊದಲೇ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿ. ನಾಲ್ಕನ್ನು ಮುಟ್ಟಿ: ಗೋಡೆಯ ತಂಪು, ಸೀರೆಯ ಅಂಚು, ಬಳೆ, ಮೇಜಿನ ಮೂಲೆ. ಮೂರು ಸದ್ದು ಕೇಳಿಸಿಕೊಳ್ಳಿ. ಎರಡು ವಾಸನೆ ತೆಗೆದುಕೊಳ್ಳಿ; ಕರಿಬೇವಿನ ಎಲೆ ಹಿಸುಕಿದರೂ ಆದೀತು. ಕೊನೆಗೆ ಒಂದು ರುಚಿ. ಉಪ್ಪು ಹಚ್ಚಿದ ನೆಲ್ಲಿಕಾಯಿ ಚೂರು ಅಥವಾ ಹಸಿ ಶುಂಠಿ ಚೆನ್ನಾಗಿ ಕೆಲಸ ಮಾಡುತ್ತದೆ. ಬಹಳ ಮಂದಿ ಇದನ್ನು ಮನಸ್ಸಿನಲ್ಲೇ ಮಂತ್ರದ ಹಾಗೆ ಹೇಳಿಕೊಂಡು "ಉಪಯೋಗವಾಗಲಿಲ್ಲ" ಅನ್ನುತ್ತಾರೆ. ಬಾಯಿಬಿಟ್ಟು ಹೇಳಬೇಕು, ಕಣ್ಣನ್ನೂ ಕತ್ತನ್ನೂ ತಿರುಗಿಸಬೇಕು. ಆರಾಮಾಗಿರುವಾಗ ದಿನಕ್ಕೆ ಎರಡು ಸಲ ಅಭ್ಯಾಸ ಮಾಡಿದ್ದರೆ ಮಾತ್ರ ಕಷ್ಟದ ಹೊತ್ತಿಗೆ ಕೈಗೆ ಬರುತ್ತದೆ. ಇನ್ನೊಂದು ಎಚ್ಚರ: ಕೆಲವು ವಾಸನೆಗಳೇ ಹಳೆಯದನ್ನು ಎಬ್ಬಿಸಬಹುದು. ನಿಮಗೆ ಹೆಂಡವನ್ನು ನೆನಪಿಸುವ ಸ್ಯಾನಿಟೈಸರ್ ವಾಸನೆ ಹಾಗಿರಬಹುದು, ಅದನ್ನು ದೂರವಿಡಿ.

ಅರ್ಧ ಗಂಟೆಯ ನೆನಪು ಅಳಿಸಿಹೋಗಿದೆ ಅಂದಮೇಲೆ ಎಲ್ಲವನ್ನೂ ಆಘಾತದ ತಲೆಗೇ ಕಟ್ಟುವುದು ಸರಿಯಲ್ಲ. ಕಿವಿಯ ಮೇಲ್ಭಾಗದ ಮೆದುಳಿನಲ್ಲಿ ಹುಟ್ಟುವ ಒಂದು ಬಗೆಯ ಅಪಸ್ಮಾರದಲ್ಲೂ ಹೀಗೇ ಬೆಪ್ಪಾಗಿ ನಿಲ್ಲುವುದುಂಟು. ಸಕ್ಕರೆ ಅಂಶ ಇಳಿದಾಗ, ನಿದ್ದೆಗೆಟ್ಟಾಗ, ಕೆಲವು ಮಾತ್ರೆಗಳಿಂದಲೂ ಹೀಗಾದೀತು. ಮೊದಲು ವೈದ್ಯರು ಪರೀಕ್ಷಿಸಲಿ, ಬೇಕೆಂದರೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ ಮಾಡಿಸಲಿ. ಆಮೇಲೆ ಆಘಾತ ಚಿಕಿತ್ಸೆಯಲ್ಲಿ ತರಬೇತಾದ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗಿ.

ಪ್ರಶ್ನೆ: ನನ್ನ ತಮ್ಮನ ಹೆಂಡತಿಗೆ ಮದುವೆಯಾಗಿ ಎಂಟು ತಿಂಗಳು. ಸಂಜೆ ಹೊತ್ತು ಇದ್ದಕ್ಕಿದ್ದಂತೆ ಬಿದ್ದು ಒದ್ದಾಡುತ್ತಾಳೆ, ಕೆಲವೊಮ್ಮೆ ಗಂಡುದನಿಯಲ್ಲಿ ಅತ್ತೆಯನ್ನು ಬೈಯುತ್ತಾಳೆ. ಆಮೇಲೆ ಏನೂ ನೆನಪಿಲ್ಲ ಅನ್ನುತ್ತಾಳೆ. ಫಿಟ್ಸ್ ಮಾತ್ರೆ ಮೂರು ತಿಂಗಳು ಕೊಟ್ಟೆವು, ಕಮ್ಮಿಯಾಗಲಿಲ್ಲ. ಒಬ್ಬರು ಬೇವಿನ ಬರಲಲ್ಲಿ ಹೊಡೆದು ಮೆಣಸಿನಕಾಯಿ ಹೊಗೆ ಹಾಕಿದರು. ಎರಡು ದಿನ ಸುಮ್ಮನಿದ್ದಳು, ಮತ್ತೆ ಶುರು. ನೆರೆಹೊರೆಯವರು ನಾಟಕ ಅನ್ನುತ್ತಾರೆ. ಏನು ಮಾಡಲಿ?
ಓದುಗರು, ಶಿರಾ ತಾಲ್ಲೂಕು

ಉತ್ತರ: ನಾಟಕ ಎನ್ನುವ ಮಾತನ್ನು ಮನೆಯಲ್ಲಿ ಇನ್ನು ಯಾರೂ ಆಡಬಾರದು. ಬೇಕೆಂದೇ ಮಾಡುವುದು ಬೇರೆ, ತನ್ನ ಹಿಡಿತದಲ್ಲಿಲ್ಲದೆ ಆಗುವುದು ಬೇರೆ. ಡಿಸೋಸಿಯೇಷನ್ ಎರಡನೆಯದು.

ಫಿಟ್ಸ್ ಯಾವುದು, ಇದು ಯಾವುದು? ಅಪಸ್ಮಾರದ ದೊಡ್ಡ ಸೆಳೆತ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ಕಣ್ಣು ತೆರೆದಿರುತ್ತದೆ, ನಾಲಿಗೆಯ ಪಕ್ಕ ಕಚ್ಚಿಕೊಂಡಿರಬಹುದು, ನಿದ್ದೆಯಲ್ಲೂ ಬರಬಹುದು. ಮನಸ್ಸಿನ ಒತ್ತಡದಿಂದ ಬರುವ ಸೆಳೆತ ಹತ್ತು, ಇಪ್ಪತ್ತು ನಿಮಿಷ ಎಳೆಯಬಹುದು, ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ತಲೆ ಅತ್ತಿಂದಿತ್ತ ಆಡುತ್ತದೆ, ನಿಂತು ನಿಂತು ಮತ್ತೆ ಶುರುವಾಗುತ್ತದೆ, ನಡುವೆ ಅಳು ಬರಬಹುದು. ಬಟ್ಟೆಯಲ್ಲಿ ಮೂತ್ರವಾಗುವುದು, ಗಾಯವಾಗುವುದು ಎರಡರಲ್ಲೂ ಉಂಟು, ಆದ್ದರಿಂದ ಅದನ್ನು ನೋಡಿ ತೀರ್ಮಾನಿಸಬೇಡಿ. ಒಬ್ಬರಲ್ಲೇ ಎರಡೂ ಇರುವುದೂ ಉಂಟು. ಖಚಿತಪಡಿಸುವುದು ವಿಡಿಯೋ ಇಇಜಿ. ಅದಕ್ಕೂ ಮೊದಲು ನೀವು ಮಾಡಬಹುದಾದ ದೊಡ್ಡ ಉಪಕಾರ, ಮುಂದಿನ ಸಲ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ಮಾತ್ರ ತೋರಿಸುವುದು. ಆಕೆಗೆ ಆಮೇಲೆ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ನೆಂಟರಿಗೆ ಹೋಗಕೂಡದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನಿಜವಾದ ಅಪಸ್ಮಾರ ಇದ್ದರೆ ತಟ್ಟನೆ ನಿಲ್ಲಿಸುವುದು ಅಪಾಯ.

ಬಿದ್ದಾಗ ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮಡಚಿದ ಟವೆಲ್ ಇಡಿ, ಒಂದು ಮಗ್ಗುಲಿಗೆ ತಿರುಗಿಸಿ, ಜನರನ್ನು ಹೊರಗೆ ಕಳಿಸಿ. ಒಬ್ಬ ಹೆಂಗಸು ಜೊತೆಗಿದ್ದರೆ ಸಾಕು. ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಮುಖಕ್ಕೆ ನೀರು ಎರಚಿ ಕೆನ್ನೆಗೆ ಹೊಡೆಯುವುದು ಯಾವುದೂ ಬೇಡ. ಯಾವ ಬಗೆಯ ಸೆಳೆತವೆಂದು ಇನ್ನೂ ಗೊತ್ತಾಗಿಲ್ಲದಿರುವಾಗ ಐದು ನಿಮಿಷ ದಾಟಿದರೆ, ಉಸಿರಾಟ ಏರುಪೇರಾದರೆ, ಬಸುರಿಯಾಗಿದ್ದರೆ 108ಕ್ಕೆ ಕರೆಮಾಡಿ.

ಗಂಡುದನಿಯಲ್ಲಿ ಮಾತಾಡುವಾಗ "ನೀನ್ಯಾರು, ಯಾಕೆ ಬಂದೆ, ಏನು ಬೇಕು" ಎಂಬ ವಿಚಾರಣೆ ಮಾಡಬೇಡಿ. ಆ ಪ್ರಶ್ನೆಗಳು ಇನ್ನೊಬ್ಬರನ್ನು ಒಳಗೆ ಕೂರಿಸಿ ಗಟ್ಟಿಮಾಡುತ್ತವೆ. ಆಕೆಯನ್ನು ಆಕೆಯ ಹೆಸರಿನಿಂದಲೇ ಮೆಲ್ಲಗೆ ಕರೆಯಿರಿ: ನೀನು ಮನೆಯಲ್ಲಿದ್ದೀಯ, ನಾನು ನಿನ್ನ ಭಾವ, ಇವತ್ತು ಗುರುವಾರ. ಆದರೆ ಆ ದನಿ ಆಡಿದ ಮಾತನ್ನು ಮರೆಯಬೇಡಿ. ಹಗಲಿನಲ್ಲಿ ಸೊಸೆಯ ಬಾಯಿಂದ ಬರಲಾಗದ ಮಾತು ಸಂಜೆ ಬೇರೆ ದನಿಯಲ್ಲಿ ಬರುವುದನ್ನು ನಮ್ಮ ಹಳ್ಳಿಯ ಹಿರಿಯ ಹೆಂಗಸರೂ ಬಲ್ಲರು. ಅತ್ತೆ, ಗಂಡ ಯಾರೂ ಇಲ್ಲದ ಜಾಗದಲ್ಲಿ, ಆಕೆ ನಂಬುವ ಹೆಂಗಸೊಬ್ಬರು ಕೇಳಲಿ: ಈ ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಬಲವಂತ ಮಾಡುತ್ತಾರಾ, ಮೊದಲೆಂದಾದರೂ ಏನಾದರೂ ಆಗಿತ್ತಾ? ಹೌದೆಂದರೆ ಚಿಕಿತ್ಸೆಗಿಂತ ಮೊದಲು ಸುರಕ್ಷತೆ ಬೇಕು. ಮಹಿಳಾ ಸಹಾಯವಾಣಿ 181. ಏಟು ನಡೆದೇ ಇರುವ ಮನೆಯಲ್ಲಿ ಯಾವ ಥೆರಪಿಯೂ ಹಿಡಿಯುವುದಿಲ್ಲ, ಆ ಮನಸ್ಸು ಮರಗಟ್ಟುವುದನ್ನು ಬಿಡಲು ಕಾರಣವೇ ಇರುವುದಿಲ್ಲ.

ಹೊಗೆ ಹಾಕಿದ ಮೇಲೆ ಎರಡು ದಿನ ಸುಮ್ಮನಿದ್ದಳಲ್ಲ, ಅದನ್ನು ಗುಣವೆಂದು ತಿಳಿಯಬೇಡಿ. ಹೊಸ ಭಯ ಹಳೆಯದನ್ನು ಒಂದೆರಡು ದಿನ ಮುಚ್ಚಿತು, ಅಷ್ಟೇ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಹಿಂಸಿಸುವುದು 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ತಮಿಳುನಾಡಿನ ಎರವಾಡಿಯಲ್ಲಿ ದರ್ಗಾದ ಹತ್ತಿರ ಮನೋರೋಗಿಗಳನ್ನು ಇಡುತ್ತಿದ್ದ ಮನೆಯೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು.

ಮೈಮೇಲೆ ಬರುವುದೆಲ್ಲ ಕಾಯಿಲೆಯೇ ಎಂದು ಇದೇ ತಾಲ್ಲೂಕಿನಿಂದ ಇನ್ನೊಬ್ಬರು ಕೇಳಿದ್ದಾರೆ. ಅಲ್ಲ. ತುಳುನಾಡಿನ ಭೂತಕೋಲದಲ್ಲಿ ದೈವದ ಆವೇಶಕ್ಕೆ ಹೊತ್ತಿದೆ, ಜಾಗವಿದೆ, ಶುರು ಮತ್ತು ಮುಗಿಯುವ ಕ್ರಮವಿದೆ. ಮುಗಿದಮೇಲೆ ಆ ವ್ಯಕ್ತಿ ತನ್ನ ಬದುಕಿಗೆ ಮರಳುತ್ತಾನೆ. 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಗಳ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-11 ಕೂಡ, ಸಮುದಾಯ ಒಪ್ಪಿದ ಧಾರ್ಮಿಕ ಆಚರಣೆಯ ಆವೇಶವನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಬೇಡದೆ ಬಂದು, ಬದುಕನ್ನು ಕೆಡಿಸಿ, ಆ ವ್ಯಕ್ತಿಯನ್ನು ನರಳಿಸುವುದಕ್ಕೆ ಮಾತ್ರ ಚಿಕಿತ್ಸೆ ಬೇಕು.

ಪ್ರಶ್ನೆ: ನಾನು ಯೋಗ ಶಿಕ್ಷಕಿ. ಶವಾಸನದಲ್ಲಿ ಕೆಲವರು ಅಳುತ್ತಾರೆ. ಒಬ್ಬಾಕೆ ಎಲ್ಲರೂ ಎದ್ದುಹೋದ ಮೇಲೂ ಹತ್ತು ನಿಮಿಷ ಕದಲಲಿಲ್ಲ, ಭುಜ ಮುಟ್ಟಿದ್ದಕ್ಕೆ ಕಿರುಚಿಕೊಂಡಳು. ಇಂಥವರನ್ನು ಮೊದಲೇ ಗುರುತಿಸುವುದು ಹೇಗೆ? ತರಗತಿಯಲ್ಲಿ ಏನು ಬದಲಿಸಲಿ? ಹತ್ತು ದಿನದ ಮೌನ ಧ್ಯಾನ ಶಿಬಿರಗಳಿಗೆ ಇಂಥವರು ಹೋಗಬಹುದೇ?
ಮೈಸೂರು

ಉತ್ತರ: ಅಳುವವರಿಗಿಂತ ಅಳದೆ ಕಲ್ಲಾದವರ ಮೇಲೆ ನಿಮ್ಮ ಕಣ್ಣಿರಲಿ. ಅಳುವವರು ಬಹುಪಾಲು ಇಲ್ಲೇ ಇರುತ್ತಾರೆ. ರೆಪ್ಪೆ ಬಡಿಯದ ನೋಟ, ಕೇಳಿದ್ದಕ್ಕೆ ತಡವಾಗಿ ಬರುವ ಉತ್ತರ, ಏರಿಳಿತವಿಲ್ಲದ ದನಿ, ತಣ್ಣಗಾದ ಅಂಗೈ, ಎಡಗಾಲು ಎಂದರೆ ಬಲಗಾಲು ಎತ್ತುವುದು, ಇದ್ದಕ್ಕಿದ್ದಂತೆ ಚಿಕ್ಕ ಮಗುವಿನ ಮಾತು. ಇವು ಹೊರಗೆ ಕಾಣುವ ಗುರುತುಗಳು. ಇನ್ನೊಂದು ವರ್ಗವಿದೆ, ಶಿಕ್ಷಕರು ತುಂಬ ಮೆಚ್ಚುವ ವರ್ಗ: ಎಷ್ಟು ಹೊತ್ತಾದರೂ ಅಲುಗದೆ ಕೂರುವವರು, ಕಾಲು ಜೋಮು ಹಿಡಿದರೂ ಹೇಳದವರು. ಮೈಯ ನೋವು ಅವರಿಗೆ ತಲುಪುತ್ತಲೇ ಇಲ್ಲದಿರಬಹುದು.

ಸೇರುವಾಗ "ನಿಮಗೆ ಆಘಾತವಾಗಿದೆಯೇ" ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಹೇಳುವುದಿಲ್ಲ. "ಕಣ್ಣು ಮುಚ್ಚುವುದು, ಮಲಗುವುದು, ಕತ್ತಲೆ, ಮುಟ್ಟಿ ತಿದ್ದುವುದು ಇವುಗಳಲ್ಲಿ ಯಾವುದು ನಿಮಗೆ ಹಿಡಿಸುವುದಿಲ್ಲ?" ಎಂದು ಚೀಟಿಯಲ್ಲಿ ಗುರುತು ಹಾಕಿಸಿಕೊಳ್ಳಿ. ಕಾರಣ ಕೇಳಬೇಡಿ.

ಶವಾಸನವನ್ನು ಮೂರು ನಿಮಿಷಕ್ಕೆ ಇಳಿಸಿ, ಎಷ್ಟು ನಿಮಿಷವೆಂದು ಮೊದಲೇ ಹೇಳಿ. ಕೊನೆ ಕಾಣದ ಮೌನವೇ ಅನೇಕರನ್ನು ಜಾರಿಸುತ್ತದೆ. ಮಗ್ಗುಲಾಗಿ ಮಲಗಲು, ಗೋಡೆಗೆ ಒರಗಿ ಕೂರಲು, ಕಣ್ಣು ಅರೆ ತೆರೆದಿರಲು ಎಲ್ಲರಿಗೂ ಅನುಮತಿ ಇರಲಿ. ಒಬ್ಬರಿಗೆ ಮಾತ್ರ ಕೊಟ್ಟರೆ ಅವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಒಂದು ದೀಪ ಉರಿಯಲಿ, ಬಾಗಿಲಿಗೆ ಚಿಲಕ ಬೇಡ. ಮಲಗಿದವರ ತಲೆಯ ಹಿಂದೆ ನಡೆದಾಡಬೇಡಿ. ಕೇಳದೆ ಮುಟ್ಟಬೇಡಿ. "ಶರಣಾಗಿ, ಬಿಟ್ಟುಕೊಡಿ, ತಡೆಯಬೇಡಿ" ಎಂಬ ಪದಗಳು ದೌರ್ಜನ್ಯ ಎದುರಿಸಿದವರ ಕಿವಿಯಲ್ಲಿ ಬೇರೆಯೇ ಅರ್ಥ ಹುಟ್ಟಿಸುತ್ತವೆ. "ಹಿಮ್ಮಡಿ ನೆಲಕ್ಕೆ ತಾಗಿದೆಯಾ ನೋಡಿ, ಬೇಕೆನಿಸಿದರೆ ಬೆರಳು ಆಡಿಸಿ" ಎಂದರೆ ಅದೇ ಕೆಲಸವಾಗುತ್ತದೆ.

ಉಸಿರಾಟದ ವಿಷಯದಲ್ಲಿ ಬಹಳ ತಪ್ಪಾಗುತ್ತಿದೆ. ಭಸ್ತ್ರಿಕಾದಂಥ ಬಿರುಸಿನ ಉಸಿರಾಟದಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರ, ಬೆರಳು ಜುಮುಜುಮು, ಸುತ್ತಲಿನದೆಲ್ಲ ಸುಳ್ಳೆಂಬ ಭಾವ. ಇದು ಯಾರಿಗಾದರೂ ಆಗಬಹುದಾದ ದೇಹದ ಕ್ರಿಯೆ. ಆಘಾತವಾದವರಿಗೆ ಮಾತ್ರ ಇದೇ ಜಾರುವ ಮೆಟ್ಟಿಲಾಗುತ್ತದೆ. ಉಸಿರನ್ನು ಬಹಳ ಹೊತ್ತು ತಡೆದು ಹಿಡಿಯುವ ದೀರ್ಘ ಕುಂಭಕವೂ ಬೇಡ. ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವ ಭ್ರಾಮರಿಯನ್ನು ಐದಾರು ಸುತ್ತು, ಕಣ್ಣು ಬಿಟ್ಟು, ಕಿವಿ ಮುಚ್ಚದೆ ಮಾಡಿಸಿ. ಎದೆಯ ಕಂಪನ ಕೈಗೆ ತಿಳಿಯುತ್ತದೆ, ಉಸಿರು ತಾನಾಗಿ ನಿಧಾನವಾಗುತ್ತದೆ.

ಅಂದು ಆ ಹೆಂಗಸಿಗೆ ಆದಂತೆ ಮತ್ತೆ ಆದರೆ, ಎರಡು ಮಾರು ದೂರದಲ್ಲಿ, ಕಣ್ಣಿಗೆ ಬೀಳುವ ಕಡೆ ಕುಳಿತು ಹೆಸರು ಕರೆಯಿರಿ. ನೀವು ಯಾರು, ಇದು ಯಾವ ಜಾಗ, ಗಂಟೆ ಎಷ್ಟು ಎಂದು ಹೇಳಿ. ಪಾದವನ್ನು ನೆಲಕ್ಕೆ ಒತ್ತಲು ಹೇಳಿ. "ನೀರು ಕೊಡಲಾ, ಕಿಟಕಿ ತೆಗೆಯಲಾ?" ಎಂಬ ಚಿಕ್ಕ ಆಯ್ಕೆ ಕೊಡಿ, ಆಯ್ದುಕೊಳ್ಳುವ ಕೆಲಸವೇ ಮನಸ್ಸನ್ನು ಎಳೆದು ತರುತ್ತದೆ. ಏನು ನೆನಪಾಯಿತೆಂದು ಕೆದಕಬೇಡಿ, "ಕರ್ಮ ಕಳೆಯುತ್ತಿದೆ" ಎಂದು ವ್ಯಾಖ್ಯಾನಿಸಬೇಡಿ. ಮರಳಿದ ಮೇಲೆ ಕನಿಷ್ಠ 20 ನಿಮಿಷ ಜೊತೆಗಿರಿ, ಗಾಡಿ ಓಡಿಸಿಕೊಂಡು ಹೋಗಲು ಬಿಡಬೇಡಿ.

ಹತ್ತು ದಿನದ ಮೌನ ಶಿಬಿರಗಳ ಬಗ್ಗೆಯೂ ಕೇಳಿದ್ದೀರಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನಿಗಳಲ್ಲಿ ಭಯ, ತನ್ನತನ ಕಳೆದುಹೋದ ಭಾವ, ಹಳೆಯ ಆಘಾತ ಮರುಕಳಿಸುವುದು ಮೊದಲಾದ ಕಷ್ಟದ ಅನುಭವಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಧ್ಯಾನ ಕೆಟ್ಟದ್ದೆಂದು ಇದರ ಅರ್ಥವಲ್ಲ. ಔಷಧಕ್ಕೆ ಪ್ರಮಾಣವಿದ್ದಂತೆ ಇದಕ್ಕೂ ಇದೆ. ದಿನಕ್ಕೆ ಐದು ನಿಮಿಷ ಕಣ್ಣುಬಿಟ್ಟು ಕೂರಲು ಕಷ್ಟಪಡುವವರನ್ನು ದಿನಕ್ಕೆ ಹತ್ತು ಗಂಟೆ ಕೂರಿಸುವುದು ನಮ್ಮ ದೃಷ್ಟಿಯಲ್ಲಿ ಬೇಜವಾಬ್ದಾರಿ.

ಪ್ರಶ್ನೆ: ನಮ್ಮ ಚರ್ಚಿನ ಪ್ರಾರ್ಥನಾ ಗುಂಪಿನಲ್ಲಿ ಒಬ್ಬ ಯುವತಿ ಚಿಕ್ಕಂದಿನ ದೌರ್ಜನ್ಯದ ಬಗ್ಗೆ ಹೇಳಿಕೊಂಡಳು. ಕ್ಷಮಿಸಿದರೆ ಬಿಡುಗಡೆ ಎಂದು ಎಲ್ಲರೂ ಪ್ರಾರ್ಥಿಸಿದೆವು. ಮಂಕಾಗಿ ಕೂತು "ಹೂಂ" ಅಂದಳು. ಮುಂದಿನ ವಾರದಿಂದ ಬರಲೇ ಇಲ್ಲ. ಎಲ್ಲಿ ತಪ್ಪಿದೆವು?
ಮಂಗಳೂರು

ಉತ್ತರ: ಆ "ಹೂಂ" ಬಹುಶಃ ಒಪ್ಪಿಗೆಯಾಗಿರಲಿಲ್ಲ. ದೊಡ್ಡವರು ಸುತ್ತ ನಿಂತು ಒಂದು ಮಾತು ನಿರೀಕ್ಷಿಸುತ್ತಿದ್ದಾರೆ, ಹೊರಹೋಗುವ ದಾರಿಯಿಲ್ಲ. ಅಂಥ ಹೊತ್ತಿನಲ್ಲಿ ಆಕೆ ಮಗುವಾಗಿದ್ದಾಗ ಏನು ಮಾಡಿದ್ದಳೋ ಅದನ್ನೇ ಮಾಡಿರಬೇಕು: ಒಳಗಿಂದ ಹೊರಟುಹೋಗಿ ಮೈಯನ್ನು ಒಪ್ಪಿಸಿದಳು. ನೀವು ಪ್ರೀತಿಯಿಂದಲೇ ಮಾಡಿದಿರಿ ಎಂಬುದರಲ್ಲಿ ನಮಗೆ ಸಂಶಯವಿಲ್ಲ, ನಿಮ್ಮ ಪತ್ರದ ತುಂಬ ಆ ಸಂಕಟ ಇದೆ.

ಫ್ರಾನ್ಸಿನ ಮನೋವಿಜ್ಞಾನಿ ಪಿಯೆರ್ ಜಾನೆ 1889ರಲ್ಲೇ ಡಿಸೋಸಿಯೇಷನ್ ಬಗ್ಗೆ ಬರೆದವರು. ಅವರ ಕೆಲಸದಿಂದ ಬೆಳೆದುಬಂದ ಮೂರು ಹಂತದ ಕ್ರಮವನ್ನು ಇಂದಿಗೂ ಚಿಕಿತ್ಸಕರು ಅನುಸರಿಸುತ್ತಾರೆ. ಮೊದಲು ಸುರಕ್ಷತೆ, ನಿದ್ದೆ, ದಿನಚರಿ, ಇಲ್ಲಿಗೆ ಮರಳುವ ಅಭ್ಯಾಸ. ಅದು ಗಟ್ಟಿಯಾದ ಮೇಲೆ ಮಾತ್ರ ನೆನಪುಗಳ ಕೆಲಸ, ಚೂರು ಚೂರಾಗಿ. ಕೊನೆಗೆ ಬದುಕನ್ನು ಮತ್ತೆ ಕಟ್ಟಿಕೊಳ್ಳುವುದು. ಮೊದಲ ಹಂತವೇ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಕ್ಷಮೆ ಬರುವುದಾದರೆ ಮೂರನೆಯ ಹಂತದಲ್ಲಿ, ಆಕೆಯ ಇಚ್ಛೆಯಿಂದ ಬರುತ್ತದೆ. ಬರದೆಯೂ ಜನ ಗುಣವಾಗುತ್ತಾರೆ. ಕೋಪವನ್ನು ಇನ್ನೂ ಅನುಭವಿಸಿಯೇ ಇಲ್ಲದವರಿಂದ ಕ್ಷಮೆ ಕೇಳಿದಾಗ, ಅವರು ಕೋಪವನ್ನು ಇನ್ನಷ್ಟು ಒಳಗೆ ಕತ್ತರಿಸಿ ಇಡುತ್ತಾರೆ.

ಗುಂಪಿನಲ್ಲಿ ಘಟನೆಯ ವಿವರ ಹೇಳಿಸಬೇಡಿ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಮೊದಲು ಕೇಳಿ. ಬೇಡವೆಂದರೆ ಮುಖ ಸಪ್ಪೆ ಮಾಡಬೇಡಿ. ದೌರ್ಜನ್ಯ ಎಸಗಿದವರು ದೇವರ ಹೆಸರು ಹೇಳಿಯೇ ಹೆದರಿಸಿದ್ದರೆ ಅದೇ ವಾಕ್ಯಗಳು ಈಗಲೂ ಆಕೆಯನ್ನು ಕಲ್ಲಾಗಿಸಬಹುದು. ಯಾವ ಹಾಡು, ಯಾವ ವಾಕ್ಯ ಬೇಕೆಂದು ಆಕೆಯೇ ಆರಿಸಲಿ. ಈಗ ಆಕೆಗೆ ಒಂದು ಚಿಕ್ಕ ಸಂದೇಶ ಕಳಿಸಿ: ನಾವು ಅವಸರ ಮಾಡಿದೆವು, ತಪ್ಪು ನಮ್ಮದು, ನೀನು ಬಂದರೂ ಬರದಿದ್ದರೂ ನಮ್ಮವಳೇ. ಉತ್ತರಕ್ಕಾಗಿ ಒತ್ತಾಯಿಸಬೇಡಿ. ಹೇಳಿಕೊಂಡವರು 18 ವರ್ಷದೊಳಗಿನವರಾಗಿದ್ದರೆ ಮಾತ್ರ ಗುಟ್ಟು ಕಾಯುವ ಹಾಗಿಲ್ಲ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಧಾರ್ಮಿಕ ಜಾಗಗಳಿಗೆ ಇದರಲ್ಲಿ ಪಾತ್ರವೇ ಇಲ್ಲವೇ ಎಂದು ಬೇಸರಪಡಬೇಡಿ. ನಿಮ್ಹಾನ್ಸ್‌ನ ಮನೋವೈದ್ಯರು ಮತ್ತು ಅವರ ಜೊತೆಗಾರರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ಔಷಧ ಕೊಡುತ್ತಿರಲಿಲ್ಲ, ವಿಶೇಷ ವಿಧಿ ನಡೆಸುತ್ತಿರಲಿಲ್ಲ. ಇರಲು ಜಾಗ, ಗುಡಿಸುವುದು, ಗಿಡಕ್ಕೆ ನೀರು ಹಾಕುವಂಥ ಕೆಲಸ, ಬೈಯದ ಜನ. ಕಾಯಿಲೆಯ ತೀವ್ರತೆಯ ಅಂಕ ಸುಮಾರು 20% ಇಳಿದಿತ್ತು. ನಿಮ್ಮ ಗುಂಪೂ ಅಂಥ ಜಾಗವಾಗಬಲ್ಲದು, ಆಸ್ಪತ್ರೆಯ ದಾರಿಗೆ ಅಡ್ಡ ನಿಲ್ಲದಿದ್ದರೆ.

ಪ್ರಶ್ನೆ: ಸಂಮೋಹನದಲ್ಲಿ ಪೂರ್ವಜನ್ಮಕ್ಕೆ ಕರೆದೊಯ್ದು ಆಘಾತದ ಮೂಲ ಹುಡುಕುತ್ತೇವೆ ಎನ್ನುತ್ತಾರೆ. ಹೋಗಬಹುದೇ?
ಬೆಂಗಳೂರು

ಉತ್ತರ: ಬೇಡ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೊ ಅಲ್ಲ, ತೆಗೆದಾಗಲೆಲ್ಲ ಹೊಸದಾಗಿ ಜೋಡಣೆಯಾಗುತ್ತದೆ. ಸಂಮೋಹನದಲ್ಲಿ ಬಂದ ನೆನಪಿನ ಮೇಲೆ ನಂಬಿಕೆ ಹೆಚ್ಚುತ್ತದೆ, ನಿಖರತೆ ಹೆಚ್ಚುವುದಿಲ್ಲ. ಸುಲಭವಾಗಿ ಜಾರುವ ಮನಸ್ಸಿನವರಿಗೆ ಈ ಅಪಾಯ ಇನ್ನೂ ಜಾಸ್ತಿ. ಇಲ್ಲದ ಘಟನೆಗಾಗಿ ಮನೆಯವರನ್ನು ದೂರಿ, ಇದ್ದ ಘಟನೆಯ ಆರೈಕೆ ತಪ್ಪಿಹೋಗುವುದನ್ನು ಯಾರೂ ಬಯಸಲಾರರು.

ಪ್ರಶ್ನೆ: ತಲೀ ಒಳಗ ಒಬ್ಬಾಂವ ಬೈತಾನ, ಒಬ್ಬ ಸಣ್ಣ ಹುಡುಗ ಅಳತಾನ. ನಾ ಬರದಿಲ್ಲದ ಬರಹ ನನ್ನ ನೋಟ್‌ಬುಕ್ಕಿನ್ಯಾಗ ಇರತೈತಿ. ಇಂಟರ್‌ನೆಟ್ ನೋಡಿದ್ರ ಸ್ಕಿಜೋಫ್ರೀನಿಯಾ ಅಂತದ. ವಯಸ್ಸು 24.
ಹುಬ್ಬಳ್ಳಿ

ಉತ್ತರ: ಧ್ವನಿ ಕೇಳಿದ ಮಾತ್ರಕ್ಕೆ ಸ್ಕಿಜೋಫ್ರೀನಿಯಾ ಎಂದಾಗುವುದಿಲ್ಲ. ಬಾಲ್ಯದಲ್ಲಿ ಮತ್ತೆ ಮತ್ತೆ ಆಘಾತವಾದವರಲ್ಲಿ ಮನಸ್ಸಿನ ಭಾಗಗಳು ಒಂದಾಗಿ ಬೆಸೆಯದೆ ಬೇರೆ ಬೇರೆಯಾಗಿ ಉಳಿದುಬಿಡಬಹುದು. ಒಂದು ಬೈದು ಎಚ್ಚರಿಸುತ್ತದೆ, ಒಂದು ಇನ್ನೂ ಅಳುತ್ತಿರುತ್ತದೆ. ಬೈಯುವ ದನಿಯೂ ಹಿಂದೆ ನಿಮ್ಮನ್ನು ಏಟಿನಿಂದ ಉಳಿಸಲು "ಸುಮ್ಮನಿರು" ಎಂದು ಕಲಿತದ್ದೇ ಇರಬಹುದು. ನೆನಪಿಲ್ಲದೆ ಬರೆದ ಬರಹ, ಕಳೆದುಹೋದ ಗಂಟೆಗಳು ಡಿಸೋಸಿಯೇಷನ್ ಕಡೆಗೆ ಬೊಟ್ಟುಮಾಡುತ್ತವೆ. ಆದರೂ ಇದನ್ನು ಪತ್ರ ನೋಡಿ ನಿರ್ಧರಿಸಲಾಗದು. ಡಿಸೋಸಿಯೇಷನ್ ಅಳೆಯಲು 1986ರಿಂದ ಬಳಕೆಯಲ್ಲಿರುವ 28 ಪ್ರಶ್ನೆಗಳ ಒಂದು ಅಳತೆಪಟ್ಟಿ ಇದೆ. ಸರಾಸರಿ ಅಂಕ ನೂರಕ್ಕೆ 30 ದಾಟಿದರೆ ವಿವರವಾದ ಸಂದರ್ಶನ ಬೇಕೆಂದು ಅರ್ಥ, ಕಾಯಿಲೆ ಖಚಿತ ಎಂದಲ್ಲ. ಮನೋವೈದ್ಯರನ್ನು ಈ ವಾರವೇ ಕಾಣಿರಿ, ಗಾಂಜಾ ಸೇದುವ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿ. ಒಳಗಿನ ದನಿ ಸಾಯಲು ಹೇಳಿದರೆ ಕಾಯಬೇಡಿ, ಆ ಕ್ಷಣವೇ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆಮಾಡಿ, ಒಬ್ಬರೇ ಇರಬೇಡಿ.

ಪ್ರಶ್ನೆ: ಇದಕ್ಕೆ ಮಾತ್ರೆ ಇದೆಯೇ? ಎಲ್ಲಿಗೆ ಹೋಗಬೇಕು? ಮೊದಲ ಸಲ ಹೋದಾಗ ಏನು ಹೇಳಬೇಕೆಂದೇ ಗೊತ್ತಾಗುವುದಿಲ್ಲ.
ಶಿವಮೊಗ್ಗದ ಇಬ್ಬರು ಓದುಗರು

ಉತ್ತರ: ಡಿಸೋಸಿಯೇಷನ್‌ಗೆಂದೇ ಇರುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕ, ನಿದ್ರಾಹೀನತೆಗೆ ಮಾತ್ರೆ ಕೊಡುತ್ತಾರೆ, ಅದರಿಂದ ಸಹಾಯವೂ ಆಗುತ್ತದೆ. ಅಂಗಡಿಯಿಂದ ತಂದು ನಿದ್ದೆ ಮಾತ್ರೆ ನುಂಗುವುದು ಮಾತ್ರ ಬೇಡವೇ ಬೇಡ; ಆ ಗುಂಪಿನ ಹಲವು ಔಷಧಗಳು ಮಂಪರನ್ನೂ ಮರೆವನ್ನೂ ಹೆಚ್ಚಿಸುತ್ತವೆ. ಮುಖ್ಯ ಚಿಕಿತ್ಸೆ ಮಾತಿನದೇ. ಆಘಾತಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಇಎಂಡಿಆರ್ ಎಂಬ ಕಣ್ಣಿನ ಚಲನೆ ಬಳಸುವ ವಿಧಾನದ ಬಗ್ಗೆ ಈಗ ಎಲ್ಲೆಡೆ ಕೇಳಿಬರುತ್ತದೆ. ಮೊದಲ ಭೇಟಿಯಲ್ಲೇ ಅದನ್ನು ಶುರುಮಾಡುವವರ ಬಳಿ ಹೋಗಬೇಡಿ, ತಯಾರಿಯಿಲ್ಲದೆ ಮಾಡಿದರೆ ಜಾರುವವರು ಇನ್ನಷ್ಟು ಜಾರುತ್ತಾರೆ.

ಟೆಲಿಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ಸರ್ಕಾರ ರೂಪಿಸಿದೆ. ನಿಮ್ಮ ಊರಿನಲ್ಲಿ ತಿಂಗಳ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಹೊರಡಿ.

ಹೇಳುವುದು ಕಷ್ಟವೆಂದರೆ ಬರೆದುಕೊಂಡು ಹೋಗಿ, ಒಂದು ಪುಟ ಸಾಕು. ತಿಂಗಳಲ್ಲಿ ಎಷ್ಟು ಸಲ ಆಯಿತು, ಎಷ್ಟು ಹೊತ್ತು ಇತ್ತು, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಆಮೇಲೆ ಏನು ನೆನಪಿತ್ತು, ಈಗ ತಿನ್ನುವ ಮಾತ್ರೆಗಳ ಹೆಸರು. ಆಘಾತದ ವಿವರ ಮೊದಲ ದಿನವೇ ಹೇಳಬೇಕಾಗಿಲ್ಲ. "ಚಿಕ್ಕಂದಿನಲ್ಲಿ ಕಷ್ಟವಾಗಿತ್ತು, ಅದರ ಬಗ್ಗೆ ಇವತ್ತು ಮಾತಾಡಲಾರೆ" ಎಂಬ ಒಂದು ವಾಕ್ಯ ಸಾಕು. ಒಳ್ಳೆಯ ಚಿಕಿತ್ಸಕರು ಅಲ್ಲಿಗೆ ನಿಲ್ಲುತ್ತಾರೆ. ನಿಲ್ಲದವರ ಹತ್ತಿರ ಎರಡನೆಯ ಸಲ ಹೋಗಬೇಡಿ. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಲು ಕೇಳುವ ಹಕ್ಕು ನಿಮಗಿದೆ. ಹೊರಬಂದ ಕೂಡಲೇ ಬಸ್ಸು ಹತ್ತಬೇಡಿ. ಹತ್ತಿರದ ಹೋಟೆಲಿನಲ್ಲಿ ಬಿಸಿ ಕಾಫಿ ಕುಡಿದು, ಲೋಟದ ಶಾಖ ಅಂಗೈಗೆ ಸರಿಯಾಗಿ ತಿಳಿಯುತ್ತಿದೆ ಅನ್ನಿಸಿದ ಮೇಲೆ ಹೊರಡಿ.